ನೆಲ ಬಿಡದ ಕಾಲು, ಉರುಳುವ ಚಕ್ರ

ಮೂರು-ನಾಲ್ಕು ವರ್ಷದ ಮಗುವಿಗೆ ಮೊದಲ ಸೈಕಲ್ ಕೊಡಿಸಲು ಅಂಗಡಿಗೆ ಹೋದ ತಂದೆ-ತಾಯಿಯರ ಮುಂದೆ ಇಂದು ಎರಡು ಆಯ್ಕೆಗಳಿವೆ. ಹಿಂದಿನ ಚಕ್ರದ ಇಕ್ಕೆಲಗಳಲ್ಲಿ ಪುಟ್ಟ ಆಸರೆ ಚಕ್ರಗಳನ್ನು ಜೋಡಿಸಿದ, ನಮಗೆಲ್ಲ ಪರಿಚಿತವಾದ ಸೈಕಲ್ ಒಂದು. ಪೆಡಲ್, ಚೈನ್, ಆಸರೆ ಚಕ್ರ ಯಾವುವೂ ಇಲ್ಲದ, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಾದ ಬ್ಯಾಲೆನ್ಸ್ ಬೈಕ್ ಇನ್ನೊಂದು. ಎರಡನೆಯದನ್ನು ಕಂಡ ಹಿರಿಯರು, ಅರ್ಧಕ್ಕೆ ನಿಂತ ಸೈಕಲ್ಲಿಗೆ ಪೂರ್ತಿ ಬೆಲೆಯೇ ಎಂದು ಮೂಗು ಮುರಿಯುವುದುಂಟು. ವಾಸ್ತವವಾಗಿ ಈ ಎರಡರಲ್ಲಿ ಹೆಚ್ಚು ಪ್ರಾಚೀನವಾದುದು ಅದೇ. ಜಗತ್ತಿನ ಮೊದಲ ದ್ವಿಚಕ್ರ ವಾಹನಕ್ಕೂ ಪೆಡಲ್ ಇರಲಿಲ್ಲ. ಅದನ್ನು ನಿರ್ಮಿಸಿದವನು ಜರ್ಮನಿಯ ಬೇಡನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಡ್ರೈಸ್. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ, ಸರ್ಕಾರಿ ಸೇವೆಯಲ್ಲಿದ್ದುಕೊಂಡೇ ಲೋಕದ ಸಂಚಾರಕ್ರಮವನ್ನು ಬದಲಿಸಿದ ಈ ವ್ಯಕ್ತಿಯ ಬಗ್ಗೆ ಮೊದಲಿನಿಂದಲೂ ಕುತೂಹಲ. ಮಕ್ಕಳ ಸೈಕಲ್ಲಿನ ಪ್ರಶ್ನೆಗೆ ಆತನ ಜೀವನದಲ್ಲಿ ಉತ್ತರದ ಬಹುಪಾಲು ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಡ್ರೈಸ್ ಜನಿಸಿದ್ದು 1785ರ ಏಪ್ರಿಲ್ 29ರಂದು, ಕಾರ್ಲ್ಸ್‌ರೂಹೆ ನಗರದಲ್ಲಿ. ತಂದೆ ಬೇಡನ್‌ನ ನ್ಯಾಯಾಂಗದ ಅತ್ಯುನ್ನತ ಸ್ಥಾನಕ್ಕೇರಿದ ಕುಲೀನ. ಸಂಸ್ಥಾನದ ದೊರೆಯೇ ಮಗುವಿನ ಧರ್ಮಪಿತ. ಹುಡುಗ ತಂದೆಯ ಸಹೋದರ ನಡೆಸುತ್ತಿದ್ದ ಅರಣ್ಯಶಾಲೆಯಲ್ಲಿ ಕಲಿತು, 1803ರಿಂದ 1805ರವರೆಗೆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದಿದ. 1810ರಲ್ಲಿ ಅರಣ್ಯ ಇಲಾಖೆಯಲ್ಲಿ ಹುದ್ದೆ ದೊರೆಯಿತು. ಆದರೆ ಆತನ ಮನಸ್ಸು ಮರಗಳ ಲೆಕ್ಕದಲ್ಲಿ ನಿಲ್ಲಲಿಲ್ಲ. ಸ್ವಲ್ಪ ಕಾಲದಲ್ಲೇ ಸಂಬಳಸಹಿತ ರಜೆ ಪಡೆದು, ಮಾನ್‌ಹೈಮ್ ನಗರದಲ್ಲಿ ತಂದೆ-ತಾಯಿಯರೊಂದಿಗೆ ನೆಲೆಸಿ ಯಂತ್ರಗಳ ಚಿಂತನೆಯಲ್ಲಿ ತೊಡಗಿದ. ಇಂಥ ರಜೆಯ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಿಯಮಾವಳಿಯಲ್ಲಿ ಅದಕ್ಕೆ ಅವಕಾಶ ಹುಡುಕುವುದು ಸುಲಭವಾಗುತ್ತಿರಲಿಲ್ಲ. ಬೇಡನ್ ದೊರೆತನದ ಉದಾರತೆಗೆ, ಅಥವಾ ತಂದೆಯ ಪ್ರಭಾವಕ್ಕೆ, ಸೈಕಲ್ ತುಳಿಯುವವರೆಲ್ಲ ಋಣಿಗಳಾಗಿರಬೇಕು.

ಆತನ ಮೊದಲ ಪ್ರಯತ್ನ ನಾಲ್ಕು ಚಕ್ರದ ಗಾಡಿ. ಒಳಗೆ ಕುಳಿತವರ ಕಾಲಿನ ಬಲದಿಂದಲೇ ಚಲಿಸಬೇಕಾಗಿದ್ದ ಅದನ್ನು 1813ರ ಹೊತ್ತಿಗೆ ನಿರ್ಮಿಸಿ, ನೆಪೋಲಿಯನ್ ಯುದ್ಧಗಳ ತರುವಾಯ ಯುರೋಪಿನ ದೊರೆಗಳು ಸೇರಿದ್ದ ವಿಯೆನ್ನಾ ಸಮಾವೇಶದ ಸಂದರ್ಭದಲ್ಲಿ ಪ್ರದರ್ಶಿಸಿದ. ಅದಕ್ಕೆ ಮನ್ನಣೆ ದೊರೆಯಲಿಲ್ಲ. ಈ ನಡುವೆ, 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತು. ವಾತಾವರಣದಲ್ಲಿ ಹರಡಿದ ಅದರ ಗಂಧಕದ ಕಣಗಳು ಬಿಸಿಲನ್ನು ತಡೆದ ಪರಿಣಾಮವಾಗಿ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೈಕೊಟ್ಟಿತು, ಧಾನ್ಯದ ಬೆಲೆ ಗಗನಕ್ಕೇರಿತು. ಕುದುರೆಗೆ ಹಾಕುವ ಓಟ್ಸ್ ಮನುಷ್ಯರಿಗೇ ಸಾಲದಾದಾಗ, ಮೇವು ಬೇಡದ ವಾಹನದ ಅಗತ್ಯ ಡ್ರೈಸ್‌ಗೆ ಹೊಳೆಯಿತು ಎಂದು ಆತನ ಜೀವನಚರಿತ್ರೆಯನ್ನು ಶೋಧಿಸಿದ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್ ವಾದಿಸಿದ್ದಾರೆ. ಇದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ನಾಲ್ಕು ಚಕ್ರದ ಗಾಡಿ ತಂಬೋರಾಗಿಂತ ಮೊದಲಿನದು ಎಂಬ ಆಕ್ಷೇಪ ಸರಿಯಾದುದೇ. ಆದರೂ ಒಂದು ವಸ್ತು ದುಬಾರಿಯಾದಾಗ ಮನುಷ್ಯ ಅದರ ಬದಲಿಯನ್ನು ಹುಡುಕುತ್ತಾನೆ ಎಂಬ ಅರ್ಥಶಾಸ್ತ್ರದ ಮೊದಲ ಪಾಠವನ್ನು ಓದಿದ ನನಗೆ ಲೆಸ್ಸಿಂಗ್ ಅವರ ವಾದ ಅಸಂಭವವೆನಿಸುವುದಿಲ್ಲ.

1817ರ ಜೂನ್ 12ರಂದು ಡ್ರೈಸ್ ತನ್ನ ಹೊಸ ಯಂತ್ರವನ್ನೇರಿ ಮಾನ್‌ಹೈಮ್‌ನಿಂದ ಶ್ವೆಟ್ಜಿಂಗನ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹೊರಟ. ಸುಮಾರು ಏಳು ಕಿಲೋಮೀಟರ್ ದೂರದ ಅಂಚೆ ತಂಗುದಾಣವನ್ನು ಮುಟ್ಟಿ, ಒಂದು ಗಂಟೆಯೊಳಗೆ ಮನೆಗೆ ಮರಳಿದ. ಯಂತ್ರದ ಚೌಕಟ್ಟು ಮರದ್ದು. ಒಂದರ ಹಿಂದೊಂದು ಎರಡು ಚಕ್ರಗಳು, ನಡುವೆ ಕೂರಲು ಆಸನ, ಮುಂದಿನ ಚಕ್ರವನ್ನು ತಿರುಗಿಸಲು ಹಿಡಿ, ಮೊಳಕೈ ಊರಲು ಒಂದು ಹಲಗೆ, ಹಿಂದಿನ ಚಕ್ರಕ್ಕೆ ಬ್ರೇಕ್. ತೂಕ ಇಪ್ಪತ್ತು ಕಿಲೋಗಿಂತ ತುಸು ಹೆಚ್ಚು. ಸವಾರ ಆಸನದ ಮೇಲೆ ಕುಳಿತು ನೆಲವನ್ನು ಒಂದಾದ ಮೇಲೊಂದು ಕಾಲಿನಿಂದ ಒದ್ದು ಓಡಬೇಕು. ವೇಗ ಬಂದಾಗ, ಇಳಿಜಾರು ಸಿಕ್ಕಾಗ, ಕಾಲೆತ್ತಿ ತೇಲಬಹುದು. ಡ್ರೈಸ್ ಇದನ್ನು ಓಟಯಂತ್ರ ಎಂಬರ್ಥದ ಜರ್ಮನ್ ಹೆಸರಿನಿಂದ ಕರೆದ.

ಇಲ್ಲಿಯೇ ಆತನ ಪ್ರತಿಭೆಯ ತಿರುಳಿದೆ. ಒಂದರ ಹಿಂದೊಂದು ಚಕ್ರವಿರುವ ವಾಹನ ನಿಂತಲ್ಲಿ ಉರುಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಚಲಿಸುತ್ತಿರುವಾಗ, ಅದು ವಾಲಿದ ಕಡೆಗೇ ಮುಂದಿನ ಚಕ್ರವನ್ನು ತಿರುಗಿಸಿದರೆ ಚಕ್ರಗಳು ಮತ್ತೆ ಸವಾರನ ಭಾರದ ಕೆಳಗೆ ಬಂದು ನಿಲ್ಲುತ್ತವೆ, ಬೀಳುವುದು ತಪ್ಪುತ್ತದೆ ಎಂಬುದನ್ನು ಲೋಕಕ್ಕೆ ತೋರಿಸಿದ್ದು ಈ ಯಂತ್ರ. ಎಡಕ್ಕೆ ವಾಲಿದರೆ ಎಡಕ್ಕೇ ತಿರುಗಿಸಬೇಕೆಂಬ ಈ ಪಾಠ ಸಹಜ ಬುದ್ಧಿಗೆ ವಿರುದ್ಧವಾದುದು. ದೇಹ ಅದನ್ನು ಅಭ್ಯಾಸದಿಂದ ಮಾತ್ರ ಕಲಿಯುತ್ತದೆ. ಕಲಿಯುವ ತನಕ ಧೈರ್ಯಕ್ಕೆ ನೆಲಕ್ಕೆ ತಾಗುವ ಎರಡು ಕಾಲುಗಳಿರಬೇಕು. ಪೆಡಲ್ ಬಂದುದು 1860ರ ದಶಕದಲ್ಲಿ, ಪ್ಯಾರಿಸ್‌ನಲ್ಲಿ. ನಡುವಿನ ಅರ್ಧ ಶತಮಾನದುದ್ದಕ್ಕೂ ಎರಡೂ ಕಾಲನ್ನು ನೆಲದಿಂದ ಶಾಶ್ವತವಾಗಿ ಎತ್ತಿಡುವ ಕಲ್ಪನೆ ಬೇರೂರಲಿಲ್ಲ. ಸಮತೋಲದ ಭಯ ಅಷ್ಟು ಆಳವಾದುದು.

ಸಂಸ್ಥಾನ ಮೊದಲು ಡ್ರೈಸ್‌ನನ್ನು ಗೌರವಿಸಿತು. 1818ರ ಜನವರಿ 12ರಂದು ಹತ್ತು ವರ್ಷಗಳ ಏಕಸ್ವಾಮ್ಯದ ಹಕ್ಕುಪತ್ರ ನೀಡಿತು. ಯಂತ್ರಶಾಸ್ತ್ರದ ಪ್ರಾಧ್ಯಾಪಕ ಎಂಬ ಬಿರುದನ್ನೂ, ಅರಣ್ಯ ಇಲಾಖೆಯ ಸಂಬಳವನ್ನೇ ಪಿಂಚಣಿಯಾಗಿಯೂ ಕೊಟ್ಟು ಕೆಲಸದಿಂದ ಬಿಡುಗಡೆ ಮಾಡಿತು. ಆದರೆ ಹಕ್ಕುಪತ್ರದ ಬಲ ಬೇಡನ್ ಗಡಿಯಾಚೆ ನಡೆಯುತ್ತಿರಲಿಲ್ಲ. ಲಂಡನ್‌ನಲ್ಲಿ ಡೆನಿಸ್ ಜಾನ್ಸನ್ ಎಂಬ ಗಾಡಿ ತಯಾರಕ ಅದೇ ವರ್ಷ ತನ್ನದೇ ಮಾದರಿಗೆ ಪೇಟೆಂಟ್ ಪಡೆದು ಮಾರತೊಡಗಿದ. ಯುರೋಪಿನ ಬಡಗಿಗಳು ಮನಬಂದಂತೆ ನಕಲು ಮಾಡಿದರು. ಮೂಲ ಶೋಧಕನಿಗೆ ಸಂದ ಆದಾಯ ಅತ್ಯಲ್ಪ.

ಎರಡನೆಯ ಪೆಟ್ಟು ಬಿದ್ದದ್ದು ಪೌರಾಡಳಿತದಿಂದ. ಗಾಡಿಗಳ ಓಡಾಟದಿಂದ ಹಳ್ಳಬಿದ್ದ ರಸ್ತೆಗಳಲ್ಲಿ ಎರಡು ಚಕ್ರದ ಮೇಲೆ ಸಮತೋಲ ಕಾಯ್ದುಕೊಳ್ಳುವುದು ಅಸಾಧ್ಯ. ಸವಾರರು ಕಾಲುದಾರಿಯನ್ನು ಆಶ್ರಯಿಸಿದರು, ಪಾದಚಾರಿಗಳು ದೂರಿದರು, ನಿಷೇಧಗಳು ಹೊರಟವು. 1817ರ ಡಿಸೆಂಬರ್‌ನಲ್ಲಿ ಮಾನ್‌ಹೈಮ್‌ನಲ್ಲೇ ಮೊದಲಾದ ಈ ಸರಣಿ ಮಿಲಾನ್, ಲಂಡನ್, ಫಿಲಡೆಲ್ಫಿಯಾಗಳಿಗೆ ಹಬ್ಬಿ, ದೂರದ ಕಲ್ಕತ್ತೆಯವರೆಗೂ ಬಂತು. ಆ ಆದೇಶಗಳನ್ನು ಹೊರಡಿಸಿದವರನ್ನು ಮೂರ್ಖರೆಂದು ಜರೆಯಲು ನನಗೆ ಮನಸ್ಸಿಲ್ಲ. ಪಾದಚಾರಿಯ ರಕ್ಷಣೆ ಆಡಳಿತದ ಕರ್ತವ್ಯವೇ. ಆದರೆ ರಸ್ತೆಯನ್ನು ಸರಿಪಡಿಸುವುದಕ್ಕಿಂತ ವಾಹನವನ್ನು ನಿಷೇಧಿಸುವುದು ಅಗ್ಗ. ಆಡಳಿತ ಎಲ್ಲ ಕಾಲದಲ್ಲೂ ಅಗ್ಗದ ದಾರಿಯನ್ನೇ ಮೊದಲು ಹಿಡಿಯುತ್ತದೆ ಎಂಬುದನ್ನು ಒಳಗಿನಿಂದ ಕಂಡವನಾಗಿ ಹೇಳಬಲ್ಲೆ.

ಮೂರನೆಯ ಪೆಟ್ಟಿಗೂ ಯಂತ್ರಕ್ಕೂ ಸಂಬಂಧವಿರಲಿಲ್ಲ. 1819ರ ಮಾರ್ಚ್‌ನಲ್ಲಿ ಕಾರ್ಲ್ ಲುಡ್ವಿಗ್ ಸಾಂಡ್ ಎಂಬ ವಿದ್ಯಾರ್ಥಿ ಮಾನ್‌ಹೈಮ್‌ನಲ್ಲಿ ನಾಟಕಕಾರ ಕೋಟ್ಸೆಬೂನನ್ನು ರಾಜಕೀಯ ಕಾರಣಕ್ಕೆ ಕೊಂದ. ಮರುವರ್ಷ ಅವನ ಶಿರಚ್ಛೇದವಾಯಿತು. ಉನ್ನತ ನ್ಯಾಯಾಧೀಶನಾಗಿದ್ದ ಡ್ರೈಸ್‌ನ ತಂದೆ ಕ್ಷಮಾದಾನಕ್ಕೆ ಶಿಫಾರಸು ಮಾಡಲಿಲ್ಲವೆಂಬ ಸಿಟ್ಟನ್ನು ಸಾಂಡ್‌ನ ಅಭಿಮಾನಿಗಳು ಮಗನ ಮೇಲೆ ತೀರಿಸಿಕೊಂಡರು. ಕಿರುಕುಳ ತಾಳಲಾರದೆ ಡ್ರೈಸ್ 1822ರಲ್ಲಿ ಬ್ರೆಜಿಲ್‌ಗೆ ತೆರಳಿ, ಐದು ವರ್ಷ ಭೂಮಾಪಕನಾಗಿ ದುಡಿದ. 1827ರಲ್ಲಿ ಮರಳಿದ ಮೇಲೂ ಶೋಧನೆ ನಿಲ್ಲಲಿಲ್ಲ. ಕೀಲಿಮಣೆಯಿಂದ ಅಕ್ಷರ ಮೂಡಿಸುವ ಯಂತ್ರವನ್ನು 1821ರಲ್ಲೇ ರೂಪಿಸಿದ್ದ. ಮುಂದೆ ಶೀಘ್ರಲಿಪಿಯ ಯಂತ್ರ, ಸೌದೆ ಉಳಿಸುವ ಒಲೆ, ರೈಲುಹಳಿಯ ಮೇಲೆ ಮನುಷ್ಯಬಲದಿಂದ ಓಡುವ ಗಾಡಿ ಬಂದವು. ಹಳಿ ತಪಾಸಣೆಯ ಅಂಥ ಗಾಡಿಗೆ ಯುರೋಪಿನ ಹಲವು ಭಾಷೆಗಳಲ್ಲಿ ಇಂದಿಗೂ ಡ್ರೈಸೀನ್ ಎಂದೇ ಹೆಸರು.

1830ರಲ್ಲಿ ತಂದೆ ತೀರಿಕೊಂಡ ಬಳಿಕ ರಕ್ಷಣೆಯಿಲ್ಲದಂತಾಯಿತು. ಕುಡಿತ ಅಂಟಿಕೊಂಡಿತು, ಊರಿನವರ ಅಪಹಾಸ್ಯ ಬೆಳೆಯಿತು. ಕೊಲೆಯತ್ನದಿಂದ ಪಾರಾಗಿ ಓಡನ್‌ವಾಲ್ಡ್ ಬೆಟ್ಟಸೀಮೆಯ ಹಳ್ಳಿಯೊಂದರಲ್ಲಿ ಕೆಲವು ವರ್ಷ ಕಳೆದು, 1845ರಲ್ಲಿ ಕಾರ್ಲ್ಸ್‌ರೂಹೆಗೆ ಮರಳಿದ. 1849ರ ಪ್ರಜಾಕ್ರಾಂತಿಯ ದಿನಗಳಲ್ಲಿ ತನ್ನ ಕುಲೀನ ಪದವಿಯನ್ನು ಬಹಿರಂಗವಾಗಿ ತ್ಯಜಿಸಿ, ತಾನಿನ್ನು ಸಾಮಾನ್ಯ ನಾಗರಿಕ ಡ್ರೈಸ್ ಎಂದು ಘೋಷಿಸಿಕೊಂಡ. ಪ್ರಷ್ಯದ ಸೇನೆ ಕ್ರಾಂತಿಯನ್ನು ಅಡಗಿಸಿದ ಮೇಲೆ ರಾಜನಿಷ್ಠರು ಆತನನ್ನು ಹುಚ್ಚನೆಂದು ಸಾಬೀತುಪಡಿಸಿ ಬಂಧಿಸಿಡಲು ಯತ್ನಿಸಿದರು. ಅದು ಕೈಗೂಡಲಿಲ್ಲ, ಆದರೆ ಕ್ರಾಂತಿಯ ವೆಚ್ಚ ತುಂಬಲೆಂದು ಆತನ ಪಿಂಚಣಿಯನ್ನು ಮುಟ್ಟುಗೋಲು ಹಾಕಿಕೊಂಡರು. 1851ರ ಡಿಸೆಂಬರ್ 10ರಂದು ಡ್ರೈಸ್ ಕಡುಬಡತನದಲ್ಲಿ ತೀರಿಕೊಂಡ. ಸ್ಮಾರಕವನ್ನು ಕಟ್ಟಿಸಿದವರು ನಾಲ್ಕು ದಶಕಗಳ ನಂತರದ ಸೈಕಲ್ ಸಂಘಗಳವರು. 2017ರಲ್ಲಿ, ಮೊದಲ ಸವಾರಿಯ ದ್ವಿಶತಮಾನದಂದು, ಜರ್ಮನಿ ಆತನ ಯಂತ್ರದ ಹೆಸರಿನಲ್ಲಿ 20 ಯೂರೋ ಬೆಳ್ಳಿ ನಾಣ್ಯ ಹೊರತಂದಿತು.

ಈಗ ಮಗುವಿನ ಪ್ರಶ್ನೆಗೆ ಬರೋಣ. ಸೈಕಲ್ ಸವಾರಿಯಲ್ಲಿ ಎರಡು ವಿದ್ಯೆಗಳಿವೆ: ತುಳಿಯುವುದು ಸುಲಭದ್ದು, ಸಮತೋಲ ಕಷ್ಟದ್ದು. ಆಸರೆ ಚಕ್ರ ಸುಲಭದ್ದನ್ನು ಮೊದಲು ಕಲಿಸಿ, ಕಷ್ಟದ್ದನ್ನು ಮುಂದೂಡುತ್ತದೆ. ಅಷ್ಟೇ ಅಲ್ಲ, ಆಸರೆಯಿರುವ ಸೈಕಲ್ ವಾಲುವುದಿಲ್ಲವಾದ್ದರಿಂದ, ವಾಲಿದ ಕಡೆಗೆ ತಿರುಗಿಸುವ ಡ್ರೈಸ್‌ನ ಪಾಠ ಮಗುವಿಗೆ ಸಿಗುವುದೇ ಇಲ್ಲ. ತಿರುವಿನಲ್ಲಿ ಮಗು ಹೊರಮಗ್ಗುಲಿಗೆ ಭಾರ ಹಾಕುತ್ತದೆ. ಆಸರೆ ಕಳಚಿದ ದಿನ ಈ ಅಭ್ಯಾಸವನ್ನು ಮರೆಯಬೇಕಾಗುತ್ತದೆ. ಏರುತಗ್ಗಿನ ಬೀದಿಯಲ್ಲಿ ಪಕ್ಕದ ಗಾಲಿಗಳು ಉಬ್ಬಿನ ಮೇಲೆ ನಿಂತು ಹಿಂದಿನ ಚಕ್ರ ಗಾಳಿಯಲ್ಲಿ ಸುತ್ತುವುದನ್ನೂ ನೋಡಿದ್ದೇವೆ. ಬ್ಯಾಲೆನ್ಸ್ ಬೈಕ್ ಈ ಕ್ರಮವನ್ನು ತಿರುವುಮುರುವು ಮಾಡಿ, ಕಷ್ಟದ ವಿದ್ಯೆಯನ್ನು ಮೊದಲು, ಕಾಲು ನೆಲದಲ್ಲಿರುವಾಗಲೇ ಕಲಿಸುತ್ತದೆ.

ಪೋರ್ಚುಗಲ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಬ್ಯಾಲೆನ್ಸ್ ಬೈಕ್‌ನಿಂದ ಆರಂಭಿಸಿದವರು ಸರಾಸರಿ ನಾಲ್ಕು ವರ್ಷದ ಆಸುಪಾಸಿನಲ್ಲೂ, ಆಸರೆ ಚಕ್ರದಿಂದ ಆರಂಭಿಸಿದವರು ಆರರ ಆಸುಪಾಸಿನಲ್ಲೂ ಸ್ವತಂತ್ರವಾಗಿ ಸೈಕಲ್ ಕಲಿತದ್ದು ಕಂಡುಬಂತು. ಬ್ಯಾಲೆನ್ಸ್ ಬೈಕ್ ಕೊಡಿಸುವ ಪೋಷಕರು ಮೊದಲೇ ಹೆಚ್ಚು ಉತ್ಸಾಹಿಗಳಾಗಿರಬಹುದು. ಆದ್ದರಿಂದ ಇಡೀ ವ್ಯತ್ಯಾಸವನ್ನು ವಾಹನದ ಖಾತೆಗೆ ಬರೆಯಲಾಗದು. ಆದರೂ ಯಂತ್ರಶಾಸ್ತ್ರದ ತರ್ಕ ಮತ್ತು ಅಂಕಿಗಳು ಒಂದೇ ದಿಕ್ಕನ್ನು ತೋರುತ್ತವೆ. ನಮ್ಮ ತಲೆಮಾರಿನ ಅನುಭವವೂ ಬೇರೆಯಲ್ಲ. ಬಾಡಿಗೆ ಅಂಗಡಿಯ ಎತ್ತರದ ಸೈಕಲ್ಲನ್ನು ಹಿಡಿದು, ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುತ್ತ ಸಾಗಿದ ಮೇಲೆಯೇ ನಾವು ಒಳಪೆಡಲ್ ಹೊಡೆದದ್ದು. ಹೆಸರು ಕೇಳದೆಯೂ ನಾವು ಡ್ರೈಸ್‌ನ ಶಿಷ್ಯರಾಗಿದ್ದೆವು.

ಮೊಮ್ಮಗಳಿಗೆ ಯಾವುದನ್ನು ತರಲಿ ಎಂದು ಮಗ ಕೇಳಿದಾಗ ನಾನು ಹೇಳಿದ್ದು ಇಷ್ಟು. ಎರಡು-ಮೂರು ವರ್ಷದ ಮಗುವಾದರೆ ಹಗುರವಾದ ಬ್ಯಾಲೆನ್ಸ್ ಬೈಕ್ ಒಳ್ಳೆಯದು. ನಾಲ್ಕೈದು ವರ್ಷವಾಗಿದ್ದರೆ ಪ್ರತ್ಯೇಕ ಖರ್ಚು ಬೇಕಿಲ್ಲ. ಸಾಧಾರಣ ಪುಟ್ಟ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿಸಿ, ಸೀಟು ತಗ್ಗಿಸಿದರೆ ಸಾಕು. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆಂಬುದನ್ನು ಸ್ಪ್ಯಾನರ್ ಹಿಡಿದವರು ನೆನಪಿಡಬೇಕು. ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಬೇಕು, ತಲೆಗೆ ಹೆಲ್ಮೆಟ್ ಇರಬೇಕು, ವಾಹನಗಳಿಲ್ಲದ ಸಮತಟ್ಟು ಜಾಗ ಬೇಕು. ಮಗು ತಾನಾಗಿ ಕಾಲೆತ್ತಿ ತೇಲತೊಡಗಿದಾಗ ಪೆಡಲ್ ಮರಳಿ ಹಾಕಬಹುದು. ಸಮತೋಲದ ತೊಂದರೆಯಿರುವ ಮಕ್ಕಳಿಗೆ ಆಸರೆ ಚಕ್ರವೇ ಸೂಕ್ತವಾಗಬಹುದು; ಅದರಲ್ಲಿ ಅವಮಾನವೇನೂ ಇಲ್ಲ.

ಇದರಿಂದ ಆಸರೆಯೆಂಬುದೇ ಕೆಟ್ಟದ್ದೆಂಬ ನೀತಿಯನ್ನು ಯಾರೂ ತೆಗೆಯಬಾರದು. ಆರ್ಥಿಕ ಸುಧಾರಣೆಯ ದಿನಗಳಲ್ಲಿ ಅಂಥ ಮಾತನ್ನು ಸಭೆಗಳಲ್ಲಿ ಬಹಳ ಕೇಳಿದ್ದೇನೆ. ಡ್ರೈಸ್ ಲೋಕಕ್ಕೆ ಸಮತೋಲ ಕಲಿಸಿದ್ದು ಸಂಬಳಸಹಿತ ರಜೆಯ ಬಲದಿಂದ. ಪಿಂಚಣಿ ಕಿತ್ತುಕೊಂಡಾಗ ಆತ ಸ್ವಾವಲಂಬಿಯಾಗಲಿಲ್ಲ, ಬಡತನದಲ್ಲಿ ಸತ್ತ. ಕೇಳಬೇಕಾದದ್ದು ಆಸರೆ ಬೇಕೇ ಬೇಡವೇ ಎಂದಲ್ಲ. ಅದು ಕಲಿಕೆಗೆ ಎಡೆಗೊಡುತ್ತದೆಯೇ, ಅದನ್ನು ಬಿಡುವ ಗಳಿಗೆಯನ್ನು ನಿರ್ಧರಿಸುವವರು ಯಾರು ಎಂದು. ಪಕ್ಕದ ಗಾಲಿಯನ್ನು ಕಳಚುವವರು ದೊಡ್ಡವರು, ತಮಗೆ ತೋಚಿದ ದಿನ. ನೆಲದಿಂದ ಕಾಲೆತ್ತುವುದು ಮಗು, ತನಗೆ ಧೈರ್ಯ ಬಂದ ಕ್ಷಣ.