ಲ್ಯಾಂಗರ್‌ಹಾನ್ಸನ ದ್ವೀಪಗಳು

ಊರಿಗೆ, ಓಣಿಗೆ, ಶಾಲೆಗೆ ಮನುಷ್ಯರ ಹೆಸರನ್ನಿಡುವದು ನಮಗೆಲ್ಲ ತಿಳಿದ ಸಂಗತಿ. ನಮ್ಮ ಕಿತ್ತೂರ ರಾಣಿ ಚೆನ್ನಮ್ಮನ ಹೆಸರು ಚೌಕಗಳಿಗೆ ಉಂಟು, ಶಾಲೆಗಳಿಗೆ ಉಂಟು, ಬೆಳಗಾವಿಯ ವಿಶ್ವವಿದ್ಯಾಲಯಕ್ಕೂ ಉಂಟು. ಆದರೆ ಮನುಷ್ಯನ ಮೈಯೊಳಗೂ ಮನುಷ್ಯರ ಹೆಸರುಗಳು ನೆಲೆಸಿವೆಯೆಂಬದು ಎರಡು ವರ್ಷಗಳ ಹಿಂದಿನ ವರೆಗೆ ನನಗೆ ತಿಳಿದಿರಲಿಲ್ಲ. ಕಿವಿಯ ನಡುಭಾಗದಿಂದ ಗಂಟಲಿಗೆ ಇಳಿಯುವ ಸಣ್ಣ ನಳಿಕೆಗೆ 16ನೆಯ ಶತಮಾನದ ಇಟಲಿಯ ವೈದ್ಯನಾದ ಯುಸ್ಟೇಕಿಯ ಹೆಸರಿದೆ. ಹೆಣ್ಣಿನ ಗರ್ಭಕೋಶದ ಎರಡೂ ಮಗ್ಗುಲಿನ ನಾಳಗಳಿಗೆ ಆತನ ಕಾಲದವನೇ ಆದ ಫಾಲೋಪಿಯೋನ ಹೆಸರಿದೆ. ಹಿಮ್ಮಡದ ಮೇಲಿನ ದಪ್ಪ ಸ್ನಾಯುರಜ್ಜುವಿಗಂತೂ ಗ್ರೀಕ ಪುರಾಣದ ವೀರ ಅಖಿಲೀಸನೇ ಒಡೆಯ! ಇವರೆಲ್ಲರೊಳಗೆ ನನಗೆ ಹತ್ತಿರದವನಾದವನು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್. ನಾನು ಕಲಾವಿಭಾಗದ ವಿದ್ಯಾರ್ಥಿ; ವಿಜ್ಞಾನದ ಅಭ್ಯಾಸ ನನಗೆ ಹತ್ತನೆಯ ಇಯತ್ತೆಗೇ ಮುಗಿಯಿತು. ಆದರೂ ಆತನ ಚರಿತ್ರೆಯನ್ನು ಬರೆಯಲು ಮನಸ್ಸು ಮಾಡಿದ್ದಕ್ಕೆ ಕಾರಣವಿದೆ. ಅದನ್ನು ಹೇಳಬೇಕಾದರೆ ಮೊದಲು ನನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು.

ನಮ್ಮೂರು ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಒಂದು ಸಣ್ಣ ಹಳ್ಳಿ. ಎರಡು ವರ್ಷಗಳ ಹಿಂದೆ ಬೇಸಿಗೆಯ ಸೂಟಿಯಲ್ಲಿ ತಂಗಿಯನ್ನು ಕರೆದುಕೊಂಡು ರಾಮದುರ್ಗದಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಆಗ ಅವಳಿಗೆ 11 ವರ್ಷ. ಅಲ್ಲಿಗೆ ಹೋದ ಮೇಲೆ ಅವಳು ರಾತ್ರಿ ನಾಲ್ಕೈದು ಸಲ ಎದ್ದು ಹರವಿಯ ನೀರು ಕುಡಿಯತೊಡಗಿದಳು. ರೊಟ್ಟಿಯನ್ನು ಮೊದಲಿಗಿಂತ ಹೆಚ್ಚು ತಿನ್ನುತ್ತಿದ್ದರೂ ಮೈಮೇಲಿನ ಅಂಗಿ ದಿನದಿನಕ್ಕೆ ಸಡಿಲಾಗುತ್ತಿತ್ತು. ಅಜ್ಜಿ ಇದನ್ನು ಗಮನಿಸಿದಳು. ಬಚ್ಚಲಲ್ಲಿ ಇರುವೆ ಮುತ್ತುವದನ್ನೂ ಕಂಡಳು. ಹುಡುಗಿಯನ್ನು ಡಾಕ್ಟರಿಗೆ ತೋರಿಸಿರೆಂದಳು. ಮನೆಯವರೆಲ್ಲರೂ ನನ್ನ ಮುಖ ನೋಡಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಗೊತ್ತಿಲ್ಲವೆಂದು ಹೇಳಲು ನನ್ನ ಬಾಯಿ ಬರಲಿಲ್ಲ. ಇದು ಬಿಸಿಲಿನ ಝಳ, ಬೇರೇನೂ ಅಲ್ಲವೆಂದು ತೀರ್ಪು ಕೊಟ್ಟುಬಿಟ್ಟೆ. ಅಜ್ಜಿಯ ಇರುವೆಗಳ ಮಾತಿಗೆ ನಕ್ಕೆ. ತಂಪಾಗಲೆಂದು ದಿನಾಲು ಸಂಜೆ ತಂಗಿಗೆ ಒಂದು ಗ್ಲಾಸು ಕಬ್ಬಿನ ಹಾಲು ಕುಡಿಸಿದೆ.

ಒಂಬತ್ತನೆಯ ದಿನ ಅವಳಿಗೆ ವಾಂತಿ ಶುರುವಾಯಿತು. ಉಸಿರು ಜೋರಾಗಿ ಬೀಸತೊಡಗಿ, ಅದಕ್ಕೆ ಹಣ್ಣು ಕೊಳೆತಂಥ ವಾಸನೆಯಿತ್ತು. ಕೂಗಿದರೂ ಕಣ್ಣು ಬಿಡದಂತಾದಳು. ಮಾವ ಬಾಡಿಗೆಯ ಜೀಪು ತಂದರು. ದಾರಿಯಲ್ಲಿ ಸಿಕ್ಕ ಡಾಕ್ಟರು ಬೆರಳಿನ ರಕ್ತ ನೋಡಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಿರೆಂದರು. ಅಲ್ಲಿ ಮೂರು ದಿನ ಅವಳ ಜೀವ ತೂಗುಯ್ಯಾಲೆಯಲ್ಲಿತ್ತು. ಸಿಹಿ ಪಾನೀಯವನ್ನು ಕೊಟ್ಟವರಾರೆಂದು ಡಾಕ್ಟರ ಬಾಯಿಯವರು ಕೇಳಿದಾಗ ಮನೆಯವರಾರೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕನೆಯ ದಿನ ಅವರೇ ಒಂದು ಕಾಗದದ ಮೇಲೆ ಚಿತ್ರ ತೆಗೆದು ತಿಳಿಸಿದರು. ಜಠರದ ಹಿಂದೆ ಅಡ್ಡಲಾಗಿ ಮಲಗಿದ ಎಲೆಯಂಥ ಒಂದು ಗ್ರಂಥಿ, ಅದೇ ಮೇದೋಜೀರಕ. ಅದರ ತುಂಬ ಚುಕ್ಕೆ ಇಟ್ಟು, ಇವು ಲ್ಯಾಂಗರ್‌ಹಾನ್ಸನ ಕಿರುದ್ವೀಪಗಳು, ಇವುಗಳಲ್ಲಿಯೇ ಇನ್ಸುಲಿನ್ ಹುಟ್ಟುತ್ತದೆ ಎಂದರು. ಇನ್ಸುಲಿನ್ ಇಲ್ಲದಿದ್ದರೆ ಉಂಡ ಅನ್ನದ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಮೈಯ ಜೀವಕೋಶಗಳು ಉಪವಾಸ ಬೀಳುತ್ತವೆ. ನನ್ನ ತಂಗಿಯ ಮೈಯಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಹಾಳಾಗಿದ್ದವು. ಸಿಹಿ ತಿಂದದ್ದರಿಂದ ಈ ರೋಗ ಹುಟ್ಟಿದ್ದಲ್ಲ, ಆದರೆ ರೋಗ ಬಂದ ಮೇಲೆ ಕುಡಿಸಿದ ಸಿಹಿ ಅವಳನ್ನು ಇನ್ನಷ್ಟು ಬಳಲಿಸಿತು ಎಂದೂ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಆ ವಿಚಿತ್ರವಾದ ಹೆಸರು ಮಾತ್ರ ಮನಸ್ಸಿನಲ್ಲಿ ಅಂಟಿಕೊಂಡಿತು. ಈ ಲ್ಯಾಂಗರ್‌ಹಾನ್ಸ್ ಯಾರು? ನನ್ನ ತಂಗಿಯ ಹೊಟ್ಟೆಯೊಳಗೆ ಆತನ ದ್ವೀಪಗಳೇಕೆ?

ಪಾಲ್ ಲ್ಯಾಂಗರ್‌ಹಾನ್ಸನು 1847ನೆಯ ಜುಲೈ 25ರಂದು ಬರ್ಲಿನ್ ನಗರದಲ್ಲಿ ಹುಟ್ಟಿದನು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವದಾದರೆ, ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ 18 ವರ್ಷಗಳ ತರುವಾಯ. ಆತನ ತಂದೆ ವೈದ್ಯ. ಮುಂದೆ ಮಲತಮ್ಮಂದಿರೂ ವೈದ್ಯರೇ ಆದರು. ಯೇನಾದಲ್ಲಿ ಹೆಕೆಲ್‌ನಂಥ ಪ್ರಾಣಿಶಾಸ್ತ್ರಜ್ಞನ ಹತ್ತಿರ ಕಲಿತು, ಪಾಲ್ ಬರ್ಲಿನ್ನಿಗೆ ಮರಳಿ ಪ್ರಖ್ಯಾತ ರೋಗಶಾಸ್ತ್ರಜ್ಞ ವಿರ್ಶೋನ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತನು. ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಮೈಯ ತುಣುಕುಗಳನ್ನಿಟ್ಟು ಬಣ್ಣ ಹಚ್ಚಿ ನೋಡುವ ವಿದ್ಯೆ ಆಗ ಭರದಿಂದ ಬೆಳೆಯುತ್ತಿದ್ದ ಕಾಲವದು.

1868ರಲ್ಲಿ ಆತನಿನ್ನೂ ವಿದ್ಯಾರ್ಥಿ. ಮನುಷ್ಯನ ಚರ್ಮದ ತುಣುಕಿಗೆ ಚಿನ್ನದ ಕ್ಲೋರೈಡಿನ ದ್ರಾವಣ ಹಚ್ಚಿ ನೋಡಿದಾಗ ಚರ್ಮದ ಹೊರಪದರಿನಲ್ಲಿ ಟೊಂಗೆ ಚಾಚಿದ ಗಿಡಗಳಂಥ ಕೋಶಗಳು ಕಂಡವು. ಅವು ನರಗಳಿಗೆ ಸಂಬಂಧಿಸಿದ ಕೋಶಗಳಾಗಿರಬೇಕೆಂದು ಆತನು ಊಹಿಸಿದನು. ಊಹೆ ತಪ್ಪಾಗಿತ್ತು. ಅವು ಹೊರಗಿನ ರೋಗಾಣುಗಳನ್ನು ಗುರುತಿಸಿ ಒಳಗೆ ಸುದ್ದಿ ಮುಟ್ಟಿಸುವ ಕಾವಲುಗಾರ ಕೋಶಗಳೆಂದು ತಿಳಿಯಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆದರೂ ಅವುಗಳಿಗೆ ಇಂದಿಗೂ ಲ್ಯಾಂಗರ್‌ಹಾನ್ಸ್ ಕೋಶಗಳೆಂದೇ ಹೆಸರು. ಏಕೆಂದರೆ ಊಹೆ ತಪ್ಪಿದ್ದರೂ ಕಂಡದ್ದು ಸುಳ್ಳಾಗಿರಲಿಲ್ಲ.

ಮರುವರ್ಷ, ಅಂದರೆ 1869ರಲ್ಲಿ, ಆತನು ವೈದ್ಯಪದವಿಗಾಗಿ ಮೇದೋಜೀರಕದ ಮೇಲೆ ಪ್ರಬಂಧ ಬರೆದನು. ಆಗ ವಯಸ್ಸು 21. ಮುಖ್ಯವಾಗಿ ಮೊಲಗಳ ಗ್ರಂಥಿಯನ್ನು ಬಳಸಿ, ಅದನ್ನು ಕೆಡದಂಥ ದ್ರವದಲ್ಲಿ ನೆನೆಯಿಟ್ಟು, ಬಿಡಿಸಿ ಬಿಡಿಸಿ ನೋಡಿದನು. ಅನ್ನ ಜೀರ್ಣಿಸುವ ರಸವನ್ನು ಮಾಡುವ ಕೋಶಗಳು ಎಲ್ಲೆಡೆಗೂ ಇದ್ದವು. ಅವುಗಳ ನಡುವೆ ಅಲ್ಲಲ್ಲಿ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಕಾಲುಭಾಗದಷ್ಟು ಅಗಲದ ಗುಂಪುಗಳು ಕಂಡವು. ಅವುಗಳೊಳಗಿನ ಕೋಶಗಳು ಸಣ್ಣವು, ತಿಳಿಯಾದವು, ಸುತ್ತಲಿನವುಗಳಿಗಿಂತ ಬೇರೆಯವು. ಇವು ಏತಕ್ಕಾಗಿ ಇವೆ? ಆತನಿಗೆ ಹೊಳೆಯಲಿಲ್ಲ. ಇಲ್ಲಿಯೇ ಆತನ ದೊಡ್ಡತನ ನನಗೆ ಕಾಣುವದು. ಪದವಿಯ ಪ್ರಬಂಧ, ಮುಂದೆ ಕುಳಿತವರು ಜಗತ್ಪ್ರಸಿದ್ಧ ಗುರುಗಳು. ಯಾವದಾದರೊಂದು ಅರ್ಥ ಹಚ್ಚಿ ಪುಟ ತುಂಬಿಸುವದು ಕಷ್ಟವಿರಲಿಲ್ಲ. ಆತನು ಹಾಗೆ ಮಾಡದೆ, ಕಂಡದ್ದನ್ನು ಅಳತೆ ಸಹಿತ ಬರೆದು, ಈ ಕೋಶಗಳ ಸ್ವರೂಪವನ್ನಾಗಲಿ ಕೆಲಸವನ್ನಾಗಲಿ ವಿವರಿಸಲು ತನ್ನಿಂದಾಗದೆಂದು ನಿಸ್ಸಂಕೋಚವಾಗಿ ಒಪ್ಪಿಕೊಂಡನು.

ಮುಂದಿನ ಜೀವನ ಚಿಕ್ಕದು. 1870ರಲ್ಲಿ ಭೂಗೋಳಶಾಸ್ತ್ರಜ್ಞ ಕೀಪರ್ಟನ ಜೊತೆಗೆ ಈಜಿಪ್ತ, ಸಿರಿಯಾ, ಪ್ಯಾಲೆಸ್ಟೈನ್‌ಗಳನ್ನು ಸುತ್ತಿ ಬಂದನು. ಕುಷ್ಠರೋಗಿಗಳನ್ನು ಕಂಡು ಅಭ್ಯಾಸ ಮಾಡಿದನು. ಅಷ್ಟರಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿತು. ಗಾಯಾಳುಗಳ ಸೇವೆಗೆ ಹೋದನು. ತರುವಾಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿ ಬೇಗನೆ ಮೇಲೇರಿದನು. 1874ರಲ್ಲಿ ಕ್ಷಯರೋಗ ಅಂಟಿತು. ಆಗ ಅದಕ್ಕೆ ಔಷಧವಿರಲಿಲ್ಲ. ಒಳ್ಳೆಯ ಹವೆಯೊಂದೇ ಗತಿ. ಹಲವು ಕಡೆ ಅಲೆದು, 1875ರಲ್ಲಿ ಅಟ್ಲಾಂಟಿಕ್ ಸಮುದ್ರದ ಮದೇರಾ ದ್ವೀಪವನ್ನು ಸೇರಿದನು. 28ರ ಪ್ರಾಯದಲ್ಲಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು.

ಆದರೆ ಕಣ್ಣು ನೋಡುವದನ್ನು ಬಿಡಲಿಲ್ಲ. ದಂಡೆಗೆ ಸಿಗುವ ಸಮುದ್ರದ ಹುಳುಗಳನ್ನು ಹಿಡಿದು ಪರೀಕ್ಷಿಸಿದನು. ಒಂದಕ್ಕೆ ತನ್ನ ಗುರು ವಿರ್ಶೋನ ಹೆಸರನ್ನಿಟ್ಟನು. ತುಸು ಚೇತರಿಸಿಕೊಂಡ ಮೇಲೆ ಫುಂಚಾಲ್ ಪಟ್ಟಣದಲ್ಲಿ ವೈದ್ಯಕೀಯ ನಡೆಸಿ, ತನ್ನಂತೆಯೇ ಹವೆಯ ಆಸೆಗೆ ಬಂದ ಕ್ಷಯರೋಗಿಗಳನ್ನು ನೋಡಿಕೊಂಡನು. 1885ರಲ್ಲಿ ತೀರಿಹೋದ ರೋಗಿಯೊಬ್ಬನ ವಿಧವೆಯನ್ನು ಮದುವೆಯಾದನು. ಸುಖ ಮೂರು ವರ್ಷದ್ದು. ಮೂತ್ರಪಿಂಡಗಳು ಕೆಟ್ಟು, 1888ನೆಯ ಜುಲೈ 20ರಂದು, 41 ತುಂಬಲು ಐದು ದಿನಗಳಿರುವಾಗ ತೀರಿಕೊಂಡನು. ದ್ವೀಪದಲ್ಲಿಯೇ ಮಣ್ಣು ಮಾಡಿದರು.

ಆತನು ಸತ್ತ ಮರುವರ್ಷವೇ, 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ಇಬ್ಬರು ನಾಯಿಯ ಮೇದೋಜೀರಕವನ್ನು ತೆಗೆದುಹಾಕಿದರೆ ಅದಕ್ಕೆ ಮಧುಮೇಹ ಬರುವದೆಂದು ಕಂಡುಹಿಡಿದರು. ಹಾಗಾದರೆ ಆ ಗ್ರಂಥಿಯಲ್ಲಿ ಜೀರ್ಣರಸವಲ್ಲದೆ ಇನ್ನೇನೋ ಇರಬೇಕು! 1893ರಲ್ಲಿ ಫ್ರಾನ್ಸಿನ ಲಗೆಸ್ ಎಂಬವನು ಹಳೆಯ ಪ್ರಬಂಧವನ್ನು ನೆನೆದು, ಆ ಕೋಶಗಳ ಗುಂಪುಗಳಿಗೆ ಲ್ಯಾಂಗರ್‌ಹಾನ್ಸನ ದ್ವೀಪಗಳೆಂದು ಹೆಸರಿಟ್ಟನು. ದ್ವೀಪದಲ್ಲಿ ಮಲಗಿದವನಿಗೆ ಇಂಥ ಹೆಸರು ತನಗೆ ಬಂತೆಂಬದು ತಿಳಿಯಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ದ್ವೀಪಕ್ಕೆ ಇನ್ಸುಲಾ ಎನ್ನುವರು. ಇನ್ಸುಲಿನ್ ಎಂಬ ಮಾತು ಅದರಿಂದಲೇ ಬಂದದ್ದು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ರಸವನ್ನು ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ, ಎಲುಬಿನ ಹಂದರವಾಗಿದ್ದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲನೆಯ ಸಲ ಫಲಿಸಲಿಲ್ಲ. ಕಾಲಿಪ್ ಎಂಬವನು ಶುದ್ಧಗೊಳಿಸಿದ ಮೇಲೆ ಎರಡನೆಯ ಸಲ ಫಲಿಸಿತು. ಆ ಹುಡುಗ ಮುಂದೆ 13 ವರ್ಷ ಬದುಕಿದನು. ಅದಕ್ಕೂ ಮೊದಲು ಈ ರೋಗ ಬಂದ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಓದುತ್ತ ಹೋದಂತೆ ಇನ್ನೊಂದು ಮಾತು ತಿಳಿದು ನನಗೆ ನಾಚಿಕೆಯಾಯಿತು. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಕಂಡಿದ್ದರು. ರೋಗದ ಹೆಸರಿನಲ್ಲಿಯೇ ಮಧು ಇದೆ. ಅಕ್ಷರ ಬಾರದ ನನ್ನ ಅಜ್ಜಿ ಕಂಡದ್ದೂ ಅದನ್ನೇ. ಅವಳು ಲ್ಯಾಂಗರ್‌ಹಾನ್ಸನಂತೆ ಕಂಡದ್ದನ್ನಷ್ಟೇ ಹೇಳಿದ್ದಳು. ಕಾಣದೆ ಹೇಳಿದವನು ನಾನು.

ತಂಗಿಗೆ ಈಗ 13 ವರ್ಷ. ದಿನಾಲು ತಾನೇ ಸೂಜಿ ಚುಚ್ಚಿಕೊಂಡು ಸಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಗಡಿಗೆಯಲ್ಲಿ ಹಸಿ ಉಸುಕು ಹಾಕಿ, ಅದರೊಳಗೆ ಸಣ್ಣ ಗಡಿಗೆಯನ್ನಿಟ್ಟು, ಅವ್ವ ಇನ್ಸುಲಿನ್ ಬಾಟಲಿಯನ್ನು ತಂಪಾಗಿ ಕಾಯುತ್ತಾಳೆ. ಉಸುಕಿಗೆ ನೀರು ಹಾಕುವ ಕೆಲಸ ಅಜ್ಜಿಯದು. ಕಬ್ಬಿನ ಹಾಲಿನ ಮಾತನ್ನು ನಾನು ಡಾಕ್ಟರ ಬಾಯಿಯವರಿಗೆ ಎರಡನೆಯ ಭೆಟ್ಟಿಯಲ್ಲಿ ಹೇಳಿದೆ. ಅವರು ಬೈಯಲಿಲ್ಲ, ಇನ್ನು ಮೇಲೆ ಕೇಳಿಕೊಂಡು ಮಾಡು ಎಂದರು.

ಹೋದ ತಿಂಗಳು ರಕ್ತ ತಪಾಸಣೆಗೆಂದು ತಂಗಿಯನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚೆನ್ನಮ್ಮನ ಸಮಾಧಿಯ ಹತ್ತಿರ ಕುಳಿತೆವು. ಲ್ಯಾಂಗರ್‌ಹಾನ್ಸನ ಕತೆಯನ್ನು ಅವಳಿಗೆ ಹೇಳಿದೆ. ಹಾಳಾದ ದ್ವೀಪಗಳ ಬದಲು ಬೇರೆಯವರ ದ್ವೀಪಗಳನ್ನು ತನ್ನೊಳಗೆ ಇಡಲಿಕ್ಕೆ ಬರುವದಿಲ್ಲವೇ ಎಂದು ಕೇಳಿದಳು. ಏನಾದರೊಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆಂದೆ. ಎದ್ದು ಮತ್ತೆ ಆಸ್ಪತ್ರೆಯ ಕಡೆಗೆ ನಡೆದೆವು. ಅಂಥ ಪ್ರಯೋಗಗಳು ನಡೆದಿವೆ, ಕೆಲವರಿಗೆ ಫಲಿಸಿಯೂ ಇವೆ. ಆದರೆ ಹೊರಗಿನ ಕೋಶಗಳನ್ನು ಮೈ ಹೊರದೂಡದಂತೆ ಬಲವಾದ ಔಷಧಗಳನ್ನು ಬಹುಕಾಲ ತೆಗೆದುಕೊಳ್ಳಬೇಕಾಗುತ್ತದೆ, ಎಲ್ಲರಿಗೂ ಒಗ್ಗುವ ಉಪಾಯ ಅದಿನ್ನೂ ಆಗಿಲ್ಲವೆಂದು ಅಲ್ಲಿ ತಿಳಿಯಿತು. ನಮ್ಮ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಊರಿಗೆ ಬಂದೆವು.