ರಾಗಗಳಿಗೆ ಮನೆ ಮಾಡಿಕೊಟ್ಟ ಪುಂಡರೀಕ ವಿಠಲರು



ಕಳೆದ ರಾಜ್ಯೋತ್ಸವದ ಗಾಯನ ಸ್ಪರ್ಧೆಯ ಅರ್ಜಿಯಲ್ಲಿ ನಾವು ನಾಲ್ಕು ಖಾನೆ ಮಾಡಿದ್ದೆವು: ಶಾಸ್ತ್ರೀಯ, ಸುಗಮ, ಜನಪದ, ಚಿತ್ರಗೀತೆ. ಮಡಕಶಿರ ಕಡೆಯ ಹಿರಿಯರೊಬ್ಬರು ಏಕತಾರಿ ಹಿಡಿದು ತತ್ವಪದ ಹಾಡಲು ರಾಯದುರ್ಗಕ್ಕೆ ಬಂದರು. ಒಂದು ಪದ ಕನ್ನಡ, ಇನ್ನೊಂದು ತೆಲುಗು. ಯಾವ ಖಾನೆಗೂ ಹೊಂದುವುದಿಲ್ಲವೆಂದು ಅರ್ಜಿ ಹಿಂದಿರುಗಿಸಿದವರು ನಾವೇ. ಅವರು ಏನೂ ಅನ್ನದೆ ಬಸ್ಸು ಹತ್ತಿದರು. ಅಂದಿನಿಂದ ಅದು ಮನಸ್ಸಿನಲ್ಲಿ ಕುಳಿತಿದೆ. ಆದ್ದರಿಂದ ಈ ಸಲ, ಹಾಡುಗಳ ವಿಂಗಡಣೆಯನ್ನೇ ಬಾಳಿನ ಕೆಲಸ ಮಾಡಿಕೊಂಡಿದ್ದ ಕನ್ನಡಿಗರೊಬ್ಬರ ವಿಚಾರ.

ಪುಂಡರೀಕ ವಿಠಲರು 16ನೇ ಶತಮಾನದವರು. ಊರು ಶಿವಗಂಗೆ ಬೆಟ್ಟದ ಬಳಿಯ ಸಾತನೂರು. ಮಡಕಶಿರದವರಿಗೆ ಅದೇನು ದೂರವಲ್ಲ. ಮಧುಗಿರಿ, ತುಮಕೂರು ದಾಟಿದರೆ ಬೆಟ್ಟ ಕಾಣುತ್ತದೆ. ನಮ್ಮ ಕಡೆಯ ವಿದ್ಯೆ ಕಲಿತು ಅವರು ಉತ್ತರಕ್ಕೆ ಹೋದರು. ಖಾನದೇಶದ ಬುರ್ಹಾನಪುರದಲ್ಲಿ ಫಾರೂಖಿ ಮನೆತನದ ಬುರ್ಹಾನ್ ಖಾನನ ಆಶ್ರಯ ಸಿಕ್ಕಿತು. ಅಲ್ಲಿ ಗ್ರಂಥ ಹೇಳುವುದೇ ಒಂದು, ಗಾಯಕರು ಹಾಡುವುದೇ ಒಂದು ಆಗಿತ್ತು. ಅದನ್ನು ಸರಿಪಡಿಸಲು ಬರೆದದ್ದು ‘ಸದ್ರಾಗ ಚಂದ್ರೋದಯ’. ಇದರಲ್ಲಿ ದಕ್ಷಿಣದ ಪದ್ಧತಿಯಂತೆ, ಸ್ವರ ನೋಡಿ ರಾಗಗಳನ್ನು 19 ಮೇಳಗಳಿಗೆ ಹಂಚಿದರು.

ಕಚೇರಿಯಲ್ಲಿ ಕಡತಗಳಿಗೆ ನಂಬರು ಹಾಕುತ್ತ ನಿವೃತ್ತರಾದ ನಮಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಒಮ್ಮೆ ಹಾಕಿದ ಪಟ್ಟಿಯನ್ನು ಅವರು ಹಿಡಿದು ಕೂರಲಿಲ್ಲ. 1576ರ ‘ರಾಗಮಾಲಾ’ದಲ್ಲಿ ಉತ್ತರದವರಿಗೆ ರೂಢಿಯಾದ ಸಂಸಾರದ ಲೆಕ್ಕ ಹಿಡಿದರು. ಆರು ಪುರುಷ ರಾಗಗಳು, ಒಂದೊಂದಕ್ಕೆ ಐವರು ಹೆಂಡಿರು, ಐವರು ಮಕ್ಕಳು, ಒಟ್ಟು 66. ಅದೇ ರಾಗಗಳು, ಅದೇ ಪಂಡಿತರು, ಆದರೆ ಕಪಾಟು ಬೇರೆ!

ನಂತರ ಕಛವಾಹ ರಾಜಪುತ್ರರಾದ ಮಾಧವಸಿಂಹ, ಮಾನಸಿಂಹರ ಆಸರೆಯಲ್ಲಿ ‘ರಾಗಮಂಜರಿ’ ಬರೆದರು. ಆ ಹೊತ್ತಿಗೆ ಪರ್ಷಿಯಾದ ಧಾಟಿಗಳು ನಮ್ಮ ಗಾಯಕರ ಬಾಯಿಗೆ ಬಂದಿದ್ದವು. ಪರದೇಶದ್ದೆಂದು ಅವುಗಳನ್ನು ಹೊರಗಿಡಲಿಲ್ಲ. ಯಮನ್ ನಮ್ಮ ಕಲ್ಯಾಣಕ್ಕೆ ಹತ್ತಿರ, ಹಿಜಾಜ್ ಅಸಾವೇರಿಗೆ ಹತ್ತಿರ ಎಂದು ಜೊತೆ ಕೂಡಿಸಿ ಬರೆದಿಟ್ಟರು. (1987ರಲ್ಲಿ ಲಂಡನ್ನಿನ ಪಬ್ಬೊಂದರಲ್ಲಿ ಕೆಲವು ರೆಕಾರ್ಡ್ ಕಂಪನಿಯವರು ಸೇರಿ, ಅಂಗಡಿಯಲ್ಲಿ ಎಲ್ಲಿಡಬೇಕೆಂದು ತಿಳಿಯದ ಪರದೇಶದ ಸಂಗೀತಕ್ಕೆಲ್ಲ ‘ವರ್ಲ್ಡ್ ಮ್ಯೂಸಿಕ್’ ಎಂಬ ಒಂದೇ ಚೀಟಿ ಅಂಟಿಸಲು ಒಪ್ಪಿದರಂತೆ. ಪುಂಡರೀಕರ ಕೆಲಸ ಅದಕ್ಕಿಂತ ಅಚ್ಚುಕಟ್ಟು ಎಂದು ನಮ್ಮ ಅಭಿಪ್ರಾಯ.)

ಅಕ್ಬರನ ಕಾಲದಲ್ಲೇ ಬಂದ ‘ನರ್ತನ ನಿರ್ಣಯ’ದಲ್ಲಿ ತಾಳದವರು, ಮೃದಂಗದವರು, ಗಾಯಕರು, ನರ್ತಕರು ಎಲ್ಲರಿಗೂ ಒಂದೊಂದು ಪ್ರಕರಣವಿದೆ. ಪರ್ಷಿಯನ್ ಹಾಡಿಗೆ ಕುಣಿಯುವ ಜಕ್ಕಡಿಗೂ ಅಲ್ಲಿ ಜಾಗ ಸಿಕ್ಕಿದೆ. ಈ ಗ್ರಂಥವನ್ನು ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ಅವರು ಮೂರು ಸಂಪುಟಗಳಲ್ಲಿ ಸಂಪಾದಿಸಿದ್ದಾರೆ, ಆಸಕ್ತರು ನೋಡಬಹುದು.

ಈ ವರ್ಷದ ಅರ್ಜಿಯಲ್ಲಿ ಐದನೆಯ ಖಾನೆಯೊಂದಿದೆ. ಅದಕ್ಕೆ ಹೆಸರಿಲ್ಲ, ಹಾಡುವವರೇ ಬರೆಯಬೇಕು. ಆ ಹಿರಿಯರ ಮನೆಗೆ ಅರ್ಜಿ ತೆಗೆದುಕೊಂಡು ಮುಂದಿನ ಭಾನುವಾರ ನಾವೇ ಹೋಗುತ್ತಿದ್ದೇವೆ. ಜೊತೆಗೆ ಬರುವವರು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸೇರಿರಿ.