ಕಲ್ಲೆಸೆಯುವ ಕೈಗಳ ನಡುವೆ ನಿಂತ ಗುರು: ಸಂತ ಜಾನ್ ಬೋಸ್ಕೊ

ಪ್ರತಿವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಹದಿಹರೆಯದ ಹುಡುಗರು ಗುಂಪುಕಟ್ಟಿಕೊಂಡು ಹೊಡೆದಾಡಿದ ಸುದ್ದಿ ಬಂದಾಗಲೆಲ್ಲ ಶಿಕ್ಷೆ ಕಠಿಣವಾಗಬೇಕೆಂದು ನಾವು ಹೇಳುವುದುಂಟು. ಆದರೆ ಹುಡುಗನ ಕೈಗೆ ಕಲ್ಲು ಬರುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ಆ ಕೆಲಸಕ್ಕಾಗಿಯೇ ಬದುಕನ್ನು ಸವೆಸಿದ ಈ ಸಂತರನ್ನು ಇಂದು ಸ್ಮರಿಸೋಣ.

ಇಟಲಿಯ ಪಿಯೆಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಊರಿನಲ್ಲಿ 1815ರ ಆಗಸ್ಟ್ 16ರಂದು ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾರ್ಗರೀತ ಬಡತನದಲ್ಲಿಯೇ ಮನೆಯನ್ನು ನಡೆಸಿದರು. ಓದಬೇಕೆಂಬ ಜಾನ್‌ರ ಆಸೆಯನ್ನು ಮಲ ಅಣ್ಣ ಅಂತೋನಿಯೊ ಸಹಿಸಲಿಲ್ಲ. ಜಗಳ ಮಿತಿಮೀರಿದಾಗ ಹನ್ನೆರಡರ ಆ ಬಾಲಕ ಮನೆಬಿಟ್ಟು ಬೇರೆಯವರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು. ಮನೆಯೊಳಗಿನ ಕಲಹವೆಂದರೇನೆಂದು ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ತಮಗೆ ಒಂಬತ್ತು ವರ್ಷವಾಗಿದ್ದಾಗ ಬಿದ್ದ ಕನಸೊಂದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಅಂಗಳದಲ್ಲಿ ಹುಡುಗರು ಆಡುತ್ತ, ಕೆಟ್ಟ ಮಾತುಗಳನ್ನಾಡುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಜಾನ್ ಮುಷ್ಟಿ ಬಿಗಿದು ಮುನ್ನುಗ್ಗಿದರು. ಆಗ ತೇಜಸ್ವಿಯಾದ ಒಬ್ಬ ಪುರುಷನು ತಡೆದು, ಇವರನ್ನು ಹೊಡೆತದಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಗೆಲ್ಲಬೇಕೆಂದು ತಿಳಿಸಿದನು. ಈ ಕನಸಿನಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲು ತಿದ್ದಿಕೊಳ್ಳಬೇಕಾಗಿದ್ದವರು ಆ ಹುಡುಗರಲ್ಲ. ಅವರನ್ನು ತಿದ್ದಲು ಹೊರಟಿದ್ದ ಜಾನ್.

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಗುರುಗಳನ್ನು ಇಟಲಿಯವರು ಡಾನ್ ಎಂದು ಕರೆಯುವುದರಿಂದ ಅವರು ಡಾನ್ ಬೋಸ್ಕೊ ಆದರು. ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬಂದ ಹುಡುಗರಿಂದ ಆ ನಗರ ಆಗ ತುಂಬಿತ್ತು. ಕೆಲಸವಿಲ್ಲದ ದಿನಗಳಲ್ಲಿ ಬೀದಿಯೇ ಅವರ ಮನೆ. ಹಿರಿಯ ಗುರು ಕಫಾಸ್ಸೊರವರೊಡನೆ ಸೆರೆಮನೆಗಳಿಗೆ ಹೋದ ಡಾನ್ ಬೋಸ್ಕೊ, ಹನ್ನೆರಡರಿಂದ ಹದಿನೆಂಟು ವಯಸ್ಸಿನ ಬಾಲಕರು ಅಲ್ಲಿ ಕೊಳೆಯುತ್ತಿರುವುದನ್ನು ಕಂಡು ನಡುಗಿದರು. ಬಿಡುಗಡೆಯಾದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಮರಳಿ ಅಲ್ಲಿಗೇ ಬರುತ್ತಿದ್ದರು. ಕಾರಣವನ್ನು ಅವರು ಆ ಹುಡುಗರ ದುಷ್ಟತನದಲ್ಲಿ ಹುಡುಕಲಿಲ್ಲ. ಹೊರಗೆ ಅವರಿಗೆ ತಮ್ಮವರೆನ್ನುವವರು ಯಾರೂ ಇರಲಿಲ್ಲ. ಒಬ್ಬ ಸ್ನೇಹಿತನಿದ್ದಿದ್ದರೆ ಇವರಲ್ಲಿ ಎಷ್ಟು ಮಂದಿ ಸೆರೆಮನೆಯಿಂದ ದೂರ ಉಳಿಯುತ್ತಿದ್ದರೋ ಎಂಬ ಪ್ರಶ್ನೆ ಅವರ ಜೀವನದ ದಾರಿಯನ್ನೇ ನಿರ್ಧರಿಸಿತು.

ಅದೇ ವರ್ಷದ ಡಿಸೆಂಬರ್ 8, ಅಮಲೋದ್ಭವಿ ಮಾತೆಯ ಹಬ್ಬ. ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಬಾರ್ತಲೋಮೆಯೊ ಗರೆಲ್ಲಿ ಎಂಬ ಹದಿನಾರರ ಅನಾಥ ಬಾಲಕ ಒಳಗೆ ಬಂದು ನಿಂತಿದ್ದ. ಪೂಜೆಗೆ ಸಹಾಯ ಮಾಡಲು ಬಾರದೆಂದು ತಿಳಿದ ಕೂಡಲೇ ದೇವಾಲಯದ ಪರಿಚಾರಕ ಅವನನ್ನು ಕೋಲಿನಿಂದ ಹೊಡೆದು ಅಟ್ಟಿದ. ಆ ಹುಡುಗ ತಮ್ಮ ಸ್ನೇಹಿತನೆಂದು ಹೇಳಿ ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ಪೂಜೆಯ ನಂತರ ಹತ್ತಿರ ಕೂರಿಸಿಕೊಂಡು ಶಿಲುಬೆಯ ಗುರುತನ್ನು ಕಲಿಸಿದರು. ಮುಂದಿನ ಭಾನುವಾರ ಅವನ ಜೊತೆ ಇನ್ನೂ ಕೆಲವರು ಬಂದರು.

ನೂರಾರು ಹುಡುಗರ ಗದ್ದಲವನ್ನು ನೆರೆಹೊರೆಯವರು ಸಹಿಸಲಿಲ್ಲ. ಒಂದೊಂದೇ ಜಾಗವನ್ನು ಬಿಡಬೇಕಾಯಿತು. ಕೊನೆಗೆ 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿ ಒಂದು ತಗ್ಗು ಮಾಡಿನ ಕೊಟ್ಟಿಗೆ ದೊರೆಯಿತು. ಅದೇ ವರ್ಷ ತಾಯಿ ಮಾರ್ಗರೀತ ಊರು ಬಿಟ್ಟು ಬಂದು ಆ ಹುಡುಗರೆಲ್ಲರ ತಾಯಿಯಾದರು. ಒಮ್ಮೆ ಯುದ್ಧದಾಟ ಆಡುತ್ತಿದ್ದ ಹುಡುಗರು ಅವರ ತರಕಾರಿ ತೋಟವನ್ನೆಲ್ಲ ತುಳಿದು ಹಾಳುಮಾಡಿದರು. ಬೇಸತ್ತ ಆ ತಾಯಿ ಊರಿಗೆ ಹಿಂದಿರುಗುವುದಾಗಿ ಹೇಳಿದಾಗ ಮಗ ಮಾತನಾಡದೆ ಗೋಡೆಯ ಮೇಲಿದ್ದ ಶಿಲುಬೆಯನ್ನು ತೋರಿಸಿದರು. ಅವರು ಹೋಗಲಿಲ್ಲ. 1856ರಲ್ಲಿ ಸಾಯುವವರೆಗೂ ಅಲ್ಲಿಯೇ ದುಡಿದರು.

ಆಟ, ಸಂಗೀತ, ಪ್ರಾರ್ಥನೆ ಇವಿಷ್ಟೇ ಸಾಲವೆಂದು ಡಾನ್ ಬೋಸ್ಕೊ ಅರಿತಿದ್ದರು. ಸಂಜೆ ಶಾಲೆ ತೆರೆದರು. ಹುಡುಗರನ್ನು ಕಸುಬಿಗೆ ಸೇರಿಸುವಾಗ ಯಜಮಾನನೊಡನೆ ಲಿಖಿತ ಕರಾರು ಮಾಡಿಕೊಂಡರು. 1852ರಲ್ಲಿ ಬಡಗಿಯೊಬ್ಬರೊಡನೆ ಮಾಡಿಕೊಂಡ ಅಂಥ ಕರಾರಿನಲ್ಲಿ, ಹುಡುಗನನ್ನು ಮಾತಿನಿಂದ ತಿದ್ದಬಹುದೇ ಹೊರತು ಹೊಡೆಯಬಾರದೆಂಬ ಷರತ್ತಿತ್ತು. ಪೆಟ್ಟು ತಿಂದವನು ಮುಂದೆ ಪೆಟ್ಟು ಕೊಡುವವನಾಗುತ್ತಾನೆ; ಆ ಸರಪಳಿಯನ್ನು ಅವರು ಕಾಗದದ ಮೇಲೆಯೇ ಕಡಿದರು. 1853ರಿಂದ ಚಪ್ಪಲಿ, ಹೊಲಿಗೆ, ನಂತರ ಪುಸ್ತಕ ಕಟ್ಟುವಿಕೆ, ಬಡಗಿ, ಮುದ್ರಣ ಹೀಗೆ ತಮ್ಮದೇ ಕಾರ್ಯಾಗಾರಗಳನ್ನು ಆರಂಭಿಸಿದರು.

ಈ ವಾತಾವರಣದಲ್ಲಿ ಬೆಳೆದ ಮಕ್ಕಳು ತಾವೇ ಶಾಂತಿದೂತರಾದರು. ಇಬ್ಬರು ಸಹಪಾಠಿಗಳು ಕಲ್ಲಿನಿಂದ ಹೊಡೆದಾಡಲು ಪಣತೊಟ್ಟಾಗ ಬಾಲಕ ದೊಮಿನಿಕ್ ಸಾವಿಯೊ ಶಿಲುಬೆಯನ್ನು ಹಿಡಿದು ನಡುವೆ ನಿಂತ. ಮೊದಲ ಕಲ್ಲನ್ನು ತನ್ನ ಮೇಲೆಯೇ ಎಸೆಯಬೇಕೆಂದ. ಇಬ್ಬರ ಕೈಯಿಂದಲೂ ಕಲ್ಲು ಜಾರಿತು. 1857ರಲ್ಲಿ ಕಾರ್ಮಞ್ಞೋಲ ರೈಲು ನಿಲ್ದಾಣದಲ್ಲಿ ಡಾನ್ ಬೋಸ್ಕೊಗೆ ಎದುರಾದ ಮಿಕೇಲೆ ಮಗೋನೆ ಬೀದಿ ಹುಡುಗರ ಗುಂಪಿನ ನಾಯಕ. ಉಳಿದವರೆಲ್ಲ ಓಡಿದರೂ ಅವನು ಅಲುಗದೆ ನಿಂತು ಸವಾಲು ಹಾಕಿದ. ಅವನನ್ನು ತಮ್ಮ ಮನೆಗೆ ಸೇರಿಸಿಕೊಂಡರು. ಹಳೆಯ ಸ್ವಭಾವ ಒಂದೇ ದಿನದಲ್ಲಿ ಹೋಗಲಿಲ್ಲ. ಮುಂದೊಮ್ಮೆ ದೇವರನ್ನು ನಿಂದಿಸಿದ ಹುಡುಗನೊಬ್ಬನ ಕೆನ್ನೆಗೆ ಬಾರಿಸಿ ಜಗಳಕ್ಕಿಳಿದದ್ದೂ ಉಂಟು. ಡಾನ್ ಬೋಸ್ಕೊ ಅವನನ್ನು ಹೊರಹಾಕಲಿಲ್ಲ, ಇಬ್ಬರನ್ನೂ ರಾಜಿಮಾಡಿಸಿದರು.

1877ರಲ್ಲಿ ಅವರು ತಮ್ಮ ವಿಧಾನವನ್ನು ಒಂದು ಕಿರುಬರಹದಲ್ಲಿ ವಿವರಿಸಿದರು. ನಿಯಮ ಹೇಳಿ, ದೂರದಲ್ಲಿ ನಿಂತು, ತಪ್ಪಿದವನನ್ನು ದಂಡಿಸುವುದು ಒಂದು ಪದ್ಧತಿ. ನಿಯಮ ಹೇಳಿ, ತಂದೆಯಂತೆ ಮಕ್ಕಳ ನಡುವೆಯೇ ಇದ್ದು, ತಪ್ಪಿಗೆ ಎಡೆಗೊಡದಿರುವುದು ಇನ್ನೊಂದು. ವಿವೇಕ, ಧರ್ಮ, ವಾತ್ಸಲ್ಯ ಈ ಎರಡನೆಯದರ ಮೂರು ಆಧಾರಗಳು. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಭಯವು ಕೈಯನ್ನು ಕಟ್ಟಬಲ್ಲದು, ಇಚ್ಛೆಯನ್ನಲ್ಲ. ಇಚ್ಛೆಯು ಒಳಿತಿನ ಕಡೆ ತಿರುಗಬೇಕಾದರೆ ಆ ಒಳಿತು ಪ್ರೀತಿಸುವ ಒಬ್ಬ ಮನುಷ್ಯನ ರೂಪದಲ್ಲಿ ಕಣ್ಣಿಗೆ ಕಾಣಬೇಕು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಆ ಮಕ್ಕಳಿಗೇ ತಿಳಿಯಬೇಕೆಂದು 1884ರ ಪತ್ರವೊಂದರಲ್ಲಿ ಅವರು ತಮ್ಮವರಿಗೆ ನೆನಪಿಸಿದರು.

1859ರಲ್ಲಿ ಅವರು ಸ್ಥಾಪಿಸಿದ ಸಲೇಷಿಯನ್ ಸಭೆಯು 1906ರಲ್ಲಿ ಭಾರತಕ್ಕೆ, ತಂಜಾವೂರಿಗೆ ಬಂತು. ನಮ್ಮ ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟವು ಬೀದಿ ಮಕ್ಕಳ ನಡುವೆ ಕೈಗೊಂಡದ್ದು ಇದೇ ಸೇವೆಯನ್ನು. ಡಾನ್ ಬೋಸ್ಕೊ 1888ರ ಜನವರಿ 31ರಂದು ನಿಧನರಾದರು. 1934ರ ಪಾಸ್ಖ ಹಬ್ಬದಂದು ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಓದುಗರೇ, ಪೂಜೆಯ ವೇಳೆ ದೇವಾಲಯದ ಅಂಗಳದಲ್ಲಿ ಗದ್ದಲ ಮಾಡುತ್ತಿದ್ದ ಹುಡುಗರನ್ನು ನಾವೂ ಗದರಿ ಗೇಟಿನಾಚೆ ಅಟ್ಟಿದ್ದುಂಟು. ಅಂದು ನಮಗೆ ಸಿಕ್ಕಿದ್ದು ನಿಶ್ಶಬ್ದ, ಹುಡುಗರಲ್ಲ. ಅವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಪ್ರತಿ ವಿಚಾರಣೆಯಲ್ಲಿಯೂ ಕೋಲು ಹಿಡಿದ ಪರಿಚಾರಕನೊಬ್ಬನಿರುತ್ತಾನೆ, ಬಾಗಿಲಲ್ಲಿ ನಿಂತ ಗರೆಲ್ಲಿಯೂ ಇರುತ್ತಾನೆ. ಭಾನುವಾರದ ಧರ್ಮೋಪದೇಶ ಮುಗಿದ ಮೇಲೆ ಗೇಟಿಗೆ ಬೀಗ ಹಾಕದೆ ಒಂದೆರಡು ಗಂಟೆ ಅಂಗಳವನ್ನು ಮಕ್ಕಳಿಗೆ ಬಿಡೋಣ. ಒಬ್ಬ ತಂದೆ, ಒಬ್ಬ ತಾಯಿ, ಒಬ್ಬ ಗುರು ಅಲ್ಲಿರಲಿ. ಕಾವಲಿಗಾಗಿ ಅಲ್ಲ, ಜೊತೆಗಾಗಿ. ತೋಟ ಸ್ವಲ್ಪ ಹಾಳಾದೀತು. ಮಾರ್ಗರೀತಮ್ಮನವರಂತೆ ನಾವೂ ಅದನ್ನು ಸಹಿಸೋಣ.